ಪೆಪ್ಪರ್ ಸ್ಪ್ರೇ: ಡಬ್ಬಿ ಮೇಲಿನ ದೊಡ್ಡ ಅಂಕಿ ನಂಬಬೇಡಿ

ಪ್ರಶ್ನೆ: ಖಾರದಪುಡಿ, ನೀರು ಬೆರೆಸಿ ಮನೆಯಲ್ಲೇ ಸ್ಪ್ರೇ ಮಾಡಿಕೊಳ್ಳಬಹುದಾ?

ಬೇಡ. ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ತಳ ಸೇರಿ ತೂತು ಕಟ್ಟಿಕೊಳ್ಳುತ್ತದೆ. ವಿಡಿಯೊ ಮಾಡಿ ಇದನ್ನು ಹೇಳಿಕೊಡುವವರು ನಿಮ್ಮ ಜೀವದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ಮಗಳು ಬೆಂಗಳೂರಿನ ಪಿಜಿಯಲ್ಲಿದ್ದಾಳೆ, ನೈಟ್ ಶಿಫ್ಟ್ ಕೆಲಸ. ಒಂದು ಡಬ್ಬಿ ಮೇಲೆ ‘20 ಲಕ್ಷ ಎಸ್‌ಎಚ್‌ಯು’, ಇನ್ನೊಂದರ ಮೇಲೆ ‘ಶೇ 10 ಓಸಿ’ ಎಂದಿದೆ. ಯಾವುದು ಜಾಸ್ತಿ ಸ್ಟ್ರಾಂಗ್?

ಈ ಪ್ರಶ್ನೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಆ ಎರಡು ಅಂಕಿಗಳಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಎಸ್‌ಎಚ್‌ಯು ಎಂದರೆ ಖಾರ ಅಳೆಯುವ ಮಾನ. 20 ಲಕ್ಷ ಎನ್ನುವುದು ಸಾಮಾನ್ಯವಾಗಿ ತೆಳು ಮಾಡುವ ಮೊದಲಿನ ಸಾರದ ಖಾರ. ಡಬ್ಬಿಯೊಳಗೆ ಎಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ. ಓಸಿ ಎಂದರೆ ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ. ಯಾವ ಮೆಣಸಿನಕಾಯಿ ಎನ್ನುವುದು ಮುಖ್ಯ ಅಲ್ವಾ? ಬಣ್ಣಕ್ಕೆ ಬ್ಯಾಡಗಿ ಹಾಕುತ್ತೇವೆ, ಖಾರಕ್ಕೆ ಗುಂಟೂರು. ಸಾರ ಎರಡರಿಂದಲೂ ಬರುತ್ತದೆ, ಉರಿ ಒಂದೇ ಅಲ್ಲ. ಹುಡುಕಬೇಕಾದ್ದು ಕ್ಯಾಪ್ಸೈಸಿನಾಯ್ಡ್, ಅಂದರೆ ನಿಜವಾಗಿ ಉರಿ ತರುವ ಅಂಶದ ಪ್ರಮಾಣ. ಅಮೆರಿಕದಲ್ಲಿ ಮಾರುವ ತೀರಾ ಖಾರದ ಡಬ್ಬಿಗಳಲ್ಲಿ ಅದು ಶೇ 1.33ರಷ್ಟಿರುತ್ತದೆ. ನಮ್ಮಲ್ಲಿ ಎಷ್ಟೋ ಡಬ್ಬಿಗಳ ಮೇಲೆ ಈ ಅಂಕಿಯೇ ಇರುವುದಿಲ್ಲ. ಬರೆದಿರುವುದು ಸಿಕ್ಕರೆ ಅದನ್ನೇ ಕೊಡಿಸಿ.

ಖಾರಕ್ಕಿಂತ ದೊಡ್ಡ ವಿಷಯ ಅದು ಹೇಗೆ ಚಿಮ್ಮುತ್ತದೆ ಎನ್ನುವುದು. ಮಂಜಿನಂತೆ ಹರಡುವ ಸ್ಪ್ರೇಗೆ ಗುರಿ ಅಷ್ಟು ಬೇಕಿಲ್ಲ, ನಿಜ. ಆದರೆ ಎದುರು ಗಾಳಿ ಬೀಸಿದರೆ ನಿಮ್ಮ ಮುಖಕ್ಕೇ ಬರುತ್ತದೆ. ಮುಚ್ಚಿದ ಜಾಗದಲ್ಲಿ ಇನ್ನೂ ಕಷ್ಟ. 2014ರ ಫೆಬ್ರುವರಿ 13ರಂದು ತೆಲಂಗಾಣ ಮಸೂದೆಯ ಗಲಾಟೆಯಲ್ಲಿ ಸಂಸದರೊಬ್ಬರು ಲೋಕಸಭೆಯೊಳಗೆ ಪೆಪ್ಪರ್ ಸ್ಪ್ರೇ ಹೊಡೆದರು. ಅಷ್ಟು ದೊಡ್ಡ ಸಭಾಂಗಣದಲ್ಲೇ ಹಲವರು ಕೆಮ್ಮುತ್ತಾ ಹೊರಗೆ ಬಂದರು, ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಟೊ, ಲಿಫ್ಟ್‌ಗಳಲ್ಲಿ ಗತಿ ಏನು? ಹಾಗಾಗಿ ನಿಮ್ಮ ಮಗಳಿಗೆ ನೇರ ಧಾರೆಯಾಗಿ ಚಿಮ್ಮುವುದನ್ನೋ ಜೆಲ್ ಅನ್ನೋ ಕೊಡಿಸಿ.

ಲಾಕ್ ಒಂದೇ ಹೆಬ್ಬೆರಳಿನಲ್ಲಿ, ಕತ್ತಲಲ್ಲೂ ತೆಗೆಯಲು ಬರಬೇಕು. ತಾರೀಕು ನೋಡಿ. ಹಳೆಯದಾದಂತೆ ಒಳಗಿನ ಒತ್ತಡ ಇಳಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಒಮ್ಮೆ ಹೊಡೆದು ನೋಡಲಿ. ಬ್ಯಾಗಿನ ತಳದಲ್ಲಿ ಮೇಕಪ್ ಕಿಟ್ ಕೆಳಗೆ ಬಿದ್ದಿರುವ ಡಬ್ಬಿ ಇದ್ದೂ ಇಲ್ಲದ ಹಾಗೆ. ನಡೆಯುವಾಗ ಅದು ಕೈಯಲ್ಲೇ ಇರಲಿ. ಹೊಡೆದ ಮೇಲೆ ನಿಂತು ನೋಡುವುದು ಬೇಡ. ಕುಡಿದವನಿಗೆ ಬೇಗ ಉರಿ ತಾಗದಿರಬಹುದು. ಜನ ಇರುವ ಕಡೆ ಓಡಲಿ, ಆಮೇಲೆ 112ಕ್ಕೆ ಫೋನ್.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಇದು ಜಗಳಕ್ಕಲ್ಲ. ಪಾರ್ಕಿಂಗ್ ತಕರಾರಿಗೆ, ಪಕ್ಕದ ಮನೆಯವರ ಮೇಲಿನ ಸಿಟ್ಟಿಗೆ ಸುಮ್ನೆ ತೆಗೆದರೆ ನೀವೇ ಆರೋಪಿ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಗಳದ ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಎಂದೇ ಹೇಳಿತು. ಬಳಸಿದವರ ಮೇಲಿನ ಕೇಸು ರದ್ದು ಮಾಡಲು ಒಪ್ಪಲಿಲ್ಲ.

ಪ್ರಶ್ನೆ: ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾ?

ಬೇಡ.

ಪ್ರಶ್ನೆ: ಕೈತಪ್ಪಿ ಕಣ್ಣಿಗೆ ಬಿದ್ದರೆ ಹಾಲು ಹಾಕಬೇಕಂತೆ, ಹರಳೆಣ್ಣೆಯೂ ಒಳ್ಳೆಯದಂತೆ?

ಯಾರು ಹೇಳಿದ್ದು? ಖಾರ ಎಣ್ಣೆಯಲ್ಲಿ ಕರಗಿ ಇನ್ನಷ್ಟು ಹರಡುತ್ತದೆ. ನೀರಿಗಿಂತ ಹಾಲು ಮೇಲೆಂದು ಸಾಬೀತಾಗಿಲ್ಲ, ಅದು ಶುದ್ಧವೂ ಅಲ್ಲ. ಲೆನ್ಸ್ ಇದ್ದರೆ ತೆಗೆದು, ಕಣ್ಣು ಉಜ್ಜದೆ, ತಣ್ಣೀರಿನಲ್ಲಿ ತೊಳೆಯುತ್ತಲೇ ಇರಿ. ಅಸ್ತಮಾ ಇದ್ದು ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಓದಲು ಲಂಡನ್‌ಗೆ ಹೊರಟಿದ್ದೇನೆ. ತೆಗೆದುಕೊಂಡು ಹೋಗಲಾ?

ಖಂಡಿತ ಬೇಡ. ವಿಮಾನದಲ್ಲಿ ಕೈಚೀಲದಲ್ಲೂ ಚೆಕ್-ಇನ್ ಲಗೇಜಿನಲ್ಲೂ ನಿಷೇಧ. ಬ್ರಿಟನ್ನಿನಲ್ಲಂತೂ 1968ರ ಬಂದೂಕು ಕಾಯ್ದೆಯಡಿ ಇದನ್ನು ಇಟ್ಟುಕೊಳ್ಳುವುದೇ ಅಪರಾಧ.