ಹೊಕ್ಕಳ ಸುತ್ತ ಕೂತ ಭಯ

ಇವರಿಗೆ 44 ವರ್ಷ. ಹಾವೇರಿ ಕಡೆಯವರು, ಧಾರವಾಡದಲ್ಲಿ ಕರೆಂಟ್ ಮೀಟರ್ ಓದುವ ಕೆಲಸ. (ಗುರುತು ಸಿಗದಂತೆ ವಿವರ ಬದಲಿಸಿದೆ.) ನಾಯಿ ಸಾಕಿದ ಮನೆಯಾದರೆ ಗೇಟು ದಾಟದೆ ‘ಡೋರ್ ಲಾಕ್’ ಎಂದು ಬರೆದು ಮುಂದೆ ಹೋಗುತ್ತಿದ್ದರು. ತಕರಾರು ಹೆಚ್ಚಾದ ಮೇಲೆ, ಇಂಥ ಭಯ ಬಿಡಿಸಲು ನೆರವಾಗುವ ನಮ್ಮ ಬಳಿಗೆ ಹೆಂಡತಿ ಕರೆತಂದರು.

ಒಂಬತ್ತನೇ ವಯಸ್ಸಿನಲ್ಲಿ ಮೀನಖಂಡಕ್ಕೆ ನಾಯಿ ಕಚ್ಚಿತ್ತು. ಅದನ್ನು ಹೇಳುವಾಗ ಅವರ ಕೈ ಕಾಲಿನ ಕಡೆ ಹೋಗಲಿಲ್ಲ, ಹೊಟ್ಟೆಯ ಮೇಲೆ ಹೋಯಿತು. “ಹಲ್ಲ ನೆನಪಿಲ್ರಿ ಅಕ್ಕಾರ, ಆ ಬೆಂಚ್ ನೆನಪೈತ್ರಿ.” ಹೊಕ್ಕಳ ಸುತ್ತ ದಿನಕ್ಕೊಂದರಂತೆ 14 ಸೂಜಿ, ಕೈಕಾಲು ಅದುಮಿ ಹಿಡಿಯಲು ಇಬ್ಬರು. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಗಿದೆ. ಅದು ಅವರಿಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಸೂಜಿಯಿಂದಲೇ ಶುರು ಮಾಡಿದೆವು. ಮನೆಮನೆ ತಿರುಗುವವರು ಕಚ್ಚಿಸಿಕೊಳ್ಳುವ ಮೊದಲೇ ರೇಬೀಸ್ ಲಸಿಕೆ ಪಡೆಯಬಹುದು. ವೈದ್ಯರನ್ನು ಕಂಡು 0, 7, 28ನೇ ದಿನ ತೋಳಿಗೆ ಹಾಕಿಸಿಕೊಂಡರು. ಮೂರನೆಯದಕ್ಕೆ ಒಬ್ಬರೇ ಹೋಗಿಬಂದರು. (ಇದಾದ ಮೇಲೂ ಕಚ್ಚಿದರೆ ಎರಡು ಡೋಸ್ ಬೇಕೇ ಬೇಕು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಖಾರಪುಡಿ, ಸುಣ್ಣ ಬೇಡ.)

ಆಮೇಲೆ ಮೆಟ್ಟಿಲು, ಅಂದರೆ ಕಡಿಮೆ ಭಯದಿಂದ ಹೆಚ್ಚು ಭಯದ ಕಡೆಗೆ ಹಂತ ಹಂತವಾಗಿ ಹತ್ತುವ ಅಭ್ಯಾಸ. ಭಯಕ್ಕೆ 0ರಿಂದ 100ರವರೆಗೆ ಅಂಕ ಹಾಕಿಸಿದೆವು. ಮರಿಯ ಫೋಟೋಗೆ 20, ಬೊಗಳುವ ವಿಡಿಯೋಗೆ 40. ಕೆಲಗೇರಿ ಕೆರೆ ಏರಿಯ ಮೇಲೆ, ಬೆಲ್ಟ್ ಹಾಕಿದ ನಾಯಿಯನ್ನು 30 ಅಡಿ ದೂರದಿಂದ ನೋಡುವುದಕ್ಕೆ 55, ಹತ್ತು ಅಡಿಗೆ 70. ಸಾಧು ಸ್ವಭಾವದ ಮುದಿ ನಾಯಿಯ ಭುಜ ಮುಟ್ಟುವುದಕ್ಕೆ 85. ಪ್ರತಿ ಮೆಟ್ಟಿಲಲ್ಲೂ ಅಂಕ ಅರ್ಧಕ್ಕಿಳಿಯುವವರೆಗೆ ಅಲ್ಲೇ ನಿಲ್ಲಬೇಕು; ಕೆಲವೊಮ್ಮೆ 40 ನಿಮಿಷ ಹಿಡಿಯುತ್ತದೆ. ಭಯ ಏರಿದಾಗಲೇ ಎದ್ದುಬಂದರೆ ‘ಓಡಿದ್ದಕ್ಕೇ ಉಳಿದೆ’ ಎಂದು ಮನಸ್ಸು ಕಲಿತುಬಿಡುತ್ತದೆ.

ಎರಡು ಕಡೆ ಎಡವಟ್ಟಾಯಿತು. ನಾಲ್ಕನೇ ವಾರ ಗೆಳೆಯರೊಬ್ಬರು ಧೈರ್ಯ ತುಂಬುವ ಭರದಲ್ಲಿ ನೇರವಾಗಿ ದೊಡ್ಡ ನಾಯಿಯ ಮುಂದೆ ನಿಲ್ಲಿಸಿದರು. ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಬೇಕಾಯಿತು. ಇನ್ನೊಂದು, ಕಿಸೆಯಲ್ಲಿದ್ದ ಬಿಸ್ಕೀಟು. ಅಂಕ ಇಳಿಯುತ್ತಿತ್ತು, ಆದರೆ ಆ ಧೈರ್ಯವೆಲ್ಲ ಪ್ಯಾಕೆಟ್ಟಿನದು. ಅದನ್ನು ಮನೆಯಲ್ಲಿಟ್ಟು ಬಂದ ದಿನ ಹತ್ತು ಅಡಿಯ ಅಂಕ ಮತ್ತೆ 70. ನನ್ನ ದೃಷ್ಟಿಯಲ್ಲಿ ನಿಜವಾದ ಅಭ್ಯಾಸ ಶುರುವಾದದ್ದು ಅವತ್ತೇ.

ಎಲ್ಲ ನಾಯಿಯನ್ನೂ ನಂಬಿ ಎಂದು ಯಾರಿಗೂ ಹೇಳುವುದಿಲ್ಲ, ಓದುವುದನ್ನು ಕಲಿಸುತ್ತೇವೆ. ಬಾಲ ಅಲ್ಲಾಡಿದ ಮಾತ್ರಕ್ಕೆ ಸ್ನೇಹವಲ್ಲ. ಸೊಂಟದ ಸಮೇತ ಮೈಯೆಲ್ಲ ಸಡಿಲಾಗಿ ಬಳುಕಿದರೆ ಸರಿ. ಮೈ ಸೆಟೆದು, ಬೆನ್ನ ಕೂದಲು ನಿಮಿರಿ, ದಿಟ್ಟಿಸಿ ನೋಡಿದರೆ ನಿಂತುಬಿಡಿ. ಕೈ ಕೆಳಗೆ, ಮೈ ಓರೆ, ಕಣ್ಣಿಗೆ ಕಣ್ಣು ಬೇಡ. ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಸರಿಯಿರಿ. ಓಡಿದರೆ ಬೆನ್ನಟ್ಟುತ್ತದೆ.

ಹನ್ನೊಂದನೇ ವಾರದಿಂದ ಅವರ ‘ಡೋರ್ ಲಾಕ್’ ನಿಂತಿದೆ. ಮರಿ ಹಾಕಿದ ನಾಯಿಯಿರುವ ಒಂದು ಮನೆಯಲ್ಲಿ ಮಾತ್ರ ಈಗಲೂ ಗೇಟಿನ ಚಿಲಕ ಬಡಿದು, ನಾಯಿ ಕಟ್ಟುವವರೆಗೆ ಹೊರಗೇ ನಿಲ್ಲುತ್ತಾರೆ. ಅದನ್ನು ಬದಲಿಸಿಕೊಳ್ಳಿ ಎಂದು ನಾವು ಹೇಳಿಲ್ಲ.