ಬ್ಲೂ ಟಿಕ್ ಬಂತು, ಮಾತ್ರೆ ಹಾಗೇ ಉಳಿಯಿತು

ಪ್ರಶ್ನೆ: ಸಿಸ್ಟರ್, ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಗರ್ಭಿಣಿಯರ ವಾಟ್ಸಾಪ್ ಗ್ರೂಪ್ ಮಾಡಿದ್ದೇನೆ. ಕಬ್ಬಿಣಾಂಶದ ಮಾತ್ರೆ ಬಗ್ಗೆ ಮೆಸೇಜು ಹಾಕಿದರೆ ಎಲ್ಲರೂ ನೋಡುತ್ತಾರೆ, ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಮನೆಗೆ ಹೋದರೆ ಮಾತ್ರೆ ಹಾಗೇ ಇರುತ್ತದೆ. ಏನು ಮಾಡಲಿ?

ಉತ್ತರ: ಕೈ ಮುಗಿದವರು ಯಾರು ಅಂತ ಮೊದಲು ನೋಡಮ್ಮ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಫೋನು ಇರುವುದು ಗಂಡನ ಜೇಬಿನಲ್ಲಿ. ಹೆಂಡತಿ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾಳೆ, ಗಂಡ ಟೀ ಅಂಗಡಿಯಲ್ಲಿ ಕೂತು ನಿನ್ನ ಮೆಸೇಜು ತೆರೆಯುತ್ತಾನೆ. ಬ್ಲೂ ಟಿಕ್ ಬಂತು, ಅಷ್ಟೇ. ರಾತ್ರಿ ಎಂಟರ ಮೇಲೆ ಕಳಿಸು, ಎಲ್ಲರೂ ಉಂಡು ಕೂತಿರುವಾಗ.

ಬರೆದು ಕಳಿಸಬೇಡ, ನಿನ್ನ ಬಾಯಲ್ಲೇ ಹೇಳಿ ಆಡಿಯೋ ಕಳಿಸು. ‘ರಕ್ತಹೀನತೆ ನಿವಾರಣೆ’ ಅಂತ ಉದ್ದುದ್ದ ಬರೆದರೆ ಓದಿ ಮುಗಿಸುವಷ್ಟರಲ್ಲಿ ಹೆರಿಗೆಯೇ ಆಗಿರುತ್ತದೆ! ಅರ್ಧ ನಿಮಿಷ ಸಾಕು, ಒಂದು ಸಲಕ್ಕೆ ಒಂದೇ ಮಾತು. ‘ಮಾತ್ರೆ ತಗೊಂಡರೆ ಕಕ್ಕಸು ಕಪ್ಪಗಾಗುತ್ತೆ, ಹೆದರಬೇಡಿ’. ಒಂದು ದಿನಕ್ಕೆ ಇಷ್ಟೇ. ನಾನು ಕಂಡ ಹಾಗೆ ಜಾಸ್ತಿ ಜನ ಮಾತ್ರೆ ಬಿಡುವುದು ಈ ಭಯಕ್ಕೆ, ಇಲ್ಲಾ ವಾಕರಿಕೆಗೆ. ಇನ್ನೊಂದು ದಿನ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕ ಆಗಬಹುದು ಅನ್ನು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಬೇಕು. ಕಬ್ಬಿಣಾಂಶದ ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ರಕ್ತ ತೀರಾ ಕಡಿಮೆ ಇದ್ದವರಿಗೆ ಡಾಕ್ಟರು ಹೇಳಿದ ಲೆಕ್ಕವೇ ಬೇರೆ.

ಗ್ರೂಪಿನಲ್ಲಿ ಯಾರ ಹೆಸರೂ, ಯಾರ ರಕ್ತದ ಲೆಕ್ಕವೂ ಬೇಡ. ಇದು ನಾನೇ ಮಾಡಿ ಕೆಟ್ಟ ಕೆಲಸ. ಜಗಳೂರಿನ ಕಡೆ ಇದ್ದಾಗ ಹಿಮೋಗ್ಲೋಬಿನ್ ಪಟ್ಟಿಯ ಫೋಟೋ ತೆಗೆದು ಸುಮ್ನೆ ಗ್ರೂಪಿಗೆ ಹಾಕಿಬಿಟ್ಟೆ. ರಕ್ತ ಕಡಿಮೆಯಾಗಿ ಬರೀ 7 ಇದ್ದ ಹುಡುಗಿಯ ಅತ್ತೆ, ‘ನಾವು ಊಟ ಹಾಕಲ್ಲ ಅಂತ ಊರಿಗೆಲ್ಲ ಸಾರಿದೆಯಾ’ ಅಂತ ಅವಳ ಮೇಲೆ ಎಗರಾಡಿದಳಂತೆ. ಮುಂದಿನ ತಿಂಗಳು ಹುಡುಗಿ ತಪಾಸಣೆಗೇ ಬರಲಿಲ್ಲ. ಆ ಅತ್ತೆಯ ಜಗಲಿ ಮೇಲೆ ಮುಖ ಸಣ್ಣದು ಮಾಡಿಕೊಂಡು ಎರಡು ಸಲ ಕೂತು ಬಂದೆ.

ಅದಕ್ಕೇ ಗ್ರೂಪಿನ ಬದಲು ವಾಟ್ಸಾಪಿನಲ್ಲೇ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡು, ಒಂದೇ ಮೆಸೇಜು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಅವರ ಫೋನಿನಲ್ಲಿ ನಿನ್ನ ನಂಬರ್ ಸೇವ್ ಆಗಿದ್ದರೆ ಮಾತ್ರ ಮೆಸೇಜು ಹೋಗುತ್ತದೆ. ತಾಯಿ ಕಾರ್ಡ್ ಕೊಡುವ ದಿನವೇ ಕೂತು ಸೇವ್ ಮಾಡಿಸಿಬಿಡು.

ಆಡಿಯೋದ ಕೊನೆಗೆ ಕೇಳು: ‘ಶೀಟಿನಲ್ಲಿ ಇನ್ನೆಷ್ಟು ಮಾತ್ರೆ ಇವೆ, ಫೋಟೋ ಕಳಿಸಿ’. ಕೈ ಮುಗಿದರೆ ಇದಕ್ಕೆ ಉತ್ತರ ಆಗುವುದಿಲ್ಲ, ಅಲ್ವಾ? ಫೋಟೋ ಬಾರದ ಮನೆಗೆ ಮಾರನೇ ದಿನ ಮೊದಲು ಹೋಗು.