ಎರಡನೇ ಬಸಿರು: ಮಗ್ಗಲು ಬದಲಿಸಿದರೂ ಕಣ್ಣಲ್ಲಿ ನೀರು, ಮಗಳನ್ನು ಎತ್ತಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ 27 ವರ್ಷ. ಎರಡನೇ ಬಸಿರು, ಈಗ 22 ವಾರ. ಮೊದಲ ಮಗಳಿಗೆ ಎರಡೂವರೆ ವರ್ಷ. ಅವಳು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳಲ್ಲಿ ತೊಡೆಸಂದು ನೋಯುತ್ತಿತ್ತು, ಬಾಣಂತನ ಮುಗಿಯುವಷ್ಟರಲ್ಲಿ ಹೋಯಿತು. ಈ ಸಲ ನಾಲ್ಕನೇ ತಿಂಗಳಿಗೇ ಶುರುವಾಗಿದೆ. ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಮೇಲೆ ಬೆರಳಿಟ್ಟರೂ ನೋವು. ಹಿಂದೆ ಸೊಂಟದ ಕೆಳಗೆ ಬಲಗಡೆ ಚುಚ್ಚುತ್ತದೆ. ರಾತ್ರಿ ಮಗ್ಗಲು ಬದಲಿಸುವಾಗ ಕಟ್ ಎಂದು ಸದ್ದಾಗಿ ಕಣ್ಣಲ್ಲಿ ನೀರು ಬರುತ್ತದೆ. ನಿಂತು ಪೆಟಿಕೋಟ್ ಹಾಕಿಕೊಳ್ಳಲೂ ಆಗುವುದಿಲ್ಲ. ಮಗಳು ಎತ್ತಿಕೋ ಎಂದು ಅಳುತ್ತಾಳೆ. ‘ನಾವೂ ನಾಕು ಹಡದೇವಿ, ಹಿಂಗ ಮಾಡಿಲ್ಲ’ ಅಂತಾರೆ ಅತ್ತೆ. ತೋರಿಸಿದ ಕಡೆ ‘ಬಸಿರಲ್ಲಿ ಇದೆಲ್ಲ ಇದ್ದದ್ದೇ’ ಎಂದು ಕ್ಯಾಲ್ಸಿಯಂ ಗುಳಿಗೆ ಬರೆದು ಕಳಿಸಿದರು. ಎಲುಬು ಬಿಟ್ಟುಕೊಂಡಿದೆ, ಆಪರೇಷನ್ನೇ ಗತಿ ಎಂದು ಓಣಿಯವರು ಹೆದರಿಸುತ್ತಾರೆ. ಮಗುವಿಗೆ ತೊಂದರೆ ಇದೆಯೇ? ಹೆರಿಗೆಯವರೆಗೂ ಮಲಗಿಯೇ ಇರಬೇಕೇ?
– ಹೆಸರು ಬೇಡ, ಶಿಗ್ಗಾಂವಿ ತಾಲ್ಲೂಕು

ಉತ್ತರ: ತಂಗೀ, ಈ ನೋವಿನಿಂದ ಮಗುವಿಗೆ ಏನೂ ಆಗುವುದಿಲ್ಲ. ನೋವಿರುವುದು ನಿಮ್ಮ ಕೀಲುಗಳಲ್ಲಿ, ಗರ್ಭಕೋಶದಲ್ಲಲ್ಲ. ಆದರೆ ಅದು ನಿಜವಾದ ನೋವು, ಸಹಿಸಿಕೊಂಡು ಕೂರಬೇಕಾದದ್ದಲ್ಲ. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ಹೆಚ್ಚು ನೋಡುವುದು ಬಸುರಿ–ಬಾಣಂತಿಯರನ್ನೇ. ನಿಮ್ಮ ಪತ್ರದ ಒಂದೊಂದು ಮಾತನ್ನೂ ಅವರ ಬಾಯಲ್ಲಿ ಕೇಳಿದ್ದೇನೆ. ಇದನ್ನು ಪೆಲ್ವಿಕ್ ಗರ್ಡಲ್ ಪೇನ್ ಅನ್ನುತ್ತೇವೆ. ಸುಮಾರು ಐವರು ಬಸುರಿಯರಲ್ಲಿ ಒಬ್ಬರಿಗೆ ಬರುತ್ತದೆ.

ಸೊಂಟದ ಎಲುಬುಗಳು ಬಳೆಯ ಹಾಗೆ ಸುತ್ತ ಕೂಡಿಕೊಂಡಿವೆ. ಮುಂದೆ ಒಂದು, ಹಿಂದೆ ಎರಡು, ಹೀಗೆ ಮೂರು ಕಡೆ ಕೀಲು. ಬಸಿರಿನಲ್ಲಿ ಅವುಗಳ ಕಟ್ಟು ಸಡಿಲವಾಗುತ್ತದೆ, ಹಿಡಿದಿಡುವ ಕೆಲಸ ಸ್ನಾಯುಗಳ ಮೇಲೆ ಬೀಳುತ್ತದೆ. ಮೊದಲ ಬಸಿರಿನಲ್ಲಿ ಹಿಗ್ಗಿದ ಹೊಟ್ಟೆಯ ಸ್ನಾಯುಗಳು ಪೂರ್ತಿ ಬಲಗೊಳ್ಳುವ ಮೊದಲೇ ಎರಡನೆಯದು ನಿಂತರೆ ಆ ಕೆಲಸ ಅವಕ್ಕೆ ಭಾರವಾಗುತ್ತದೆ. ಹಿಂದೊಮ್ಮೆ ಈ ನೋವು ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಬಹಳ ಸಲ ಬೇಗನೇ ಬರುತ್ತದೆ. ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. ಚೊಚ್ಚಲ ಬಸಿರಿನಲ್ಲಿ ದಣಿವಾದರೆ ಮಲಗಬಹುದಿತ್ತು, ಈಗ ಎತ್ತಿಕೋ ಎಂದು ಕೈಚಾಚುವ ಮಗಳಿದ್ದಾಳೆ. ಅದಕ್ಕೇ ಎರಡನೇ ಬಸಿರಿನವರು ಬಂದರೆ ನಾನು ಸೊಂಟ ಮುಟ್ಟಿ ನೋಡುವ ಮೊದಲು ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡುತ್ತೀರಿ ಎಂದು ಕೇಳುತ್ತೇನೆ.

ಮಗಳ ವಿಷಯ ಮೊದಲು. ಅವಳನ್ನು ಬಗಲಲ್ಲಿ, ಸೊಂಟದ ಒಂದು ಬದಿಗೆ ಎತ್ತಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಭಾರವೆಲ್ಲ ಒಂದೇ ಕಡೆಯ ಕೀಲಿಗೆ ಬೀಳುತ್ತದೆ. ನೀವು ಮಂಚದ ಮೇಲೆ ಕುಳಿತುಕೊಳ್ಳಿ, ಸಣ್ಣ ಸ್ಟೂಲ್ ಇಟ್ಟು ಅವಳೇ ಹತ್ತಿ ತೊಡೆಯ ಮೇಲೆ ಬರಲಿ, ಎದುರಿನಿಂದ ತಬ್ಬಿಕೊಳ್ಳಿ. ಎರಡು ದಿನ ಅತ್ತಾಳು, ಆಮೇಲೆ ಸ್ಟೂಲನ್ನು ತಾನೇ ಎಳೆದು ತಂದಾಳು. ಅವಳಿಗೆ ಬೇಕಿರುವುದು ನಿಮ್ಮ ಮಡಿಲು.

ಒಂದು ಕಾಲಿನ ಮೇಲೆ ಭಾರ ಹಾಕುವುದು, ಕಾಲು ಅಗಲಿಸುವುದು, ಕುಕ್ಕರಗಾಲಲ್ಲಿ ಕೂರುವುದು – ಈ ಮೂರು ನಿಮ್ಮ ಕೀಲಿಗೆ ಆಗಿಬರುವುದಿಲ್ಲ. ಪೆಟಿಕೋಟನ್ನು ಕುಳಿತೇ ಹಾಕಿಕೊಳ್ಳಿ. ನೆಲದಲ್ಲಿ ಕೂತು ರೊಟ್ಟಿ ಬಡಿಯುವುದು, ಬಗ್ಗಿ ನೆಲ ಒರೆಸುವುದು, ಸೊಂಟದ ಮೇಲೆ ಕೊಡ ಹೊರುವುದು ಹೆರಿಗೆಯಾಗುವವರೆಗೆ ಬೇರೆಯವರ ಕೆಲಸ. ನಿಮ್ಮ ಯಜಮಾನರಿಗೆ ಈ ಪುಟ ಓದಲು ಕೊಡಿ. ಕೊಡ ಹೊರಲು ಅವರಿಗೂ ಬರುತ್ತದೆ. ಕುಕ್ಕರಗಾಲಿನ ಕಕ್ಕಸಾದರೆ ಅದರ ಮೇಲಿಡುವ ಕಮೋಡ್ ಕುರ್ಚಿ ತರಿಸಿ. ಇದೊಂದರಿಂದಲೇ ಎಷ್ಟೋ ಜನರ ಬೆಳಗಿನ ನೋವು ಇಳಿದಿದೆ. ಬೈಕಿನ ಹಿಂದೆ ಕೂರುವುದನ್ನು ಆದಷ್ಟು ಬಿಡಿ. ಆಟೋ ಹತ್ತುವಾಗ ಮೊದಲು ಸೀಟಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲನ್ನು ಜೋಡಿಸಿ ಒಳಗೆಳೆದುಕೊಳ್ಳಿ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿ. ಹತ್ತುವಾಗ ನೋವಿಲ್ಲದ ಎಡಗಾಲು ಮುಂದೆ, ಇಳಿಯುವಾಗ ಬಲಗಾಲು ಮುಂದೆ.

ರಾತ್ರಿಗೆ ಎರಡು ಉಪಾಯ. ಮಗ್ಗುಲಾಗಿ ಮಲಗಿ ಎರಡೂ ಕಾಲುಗಳ ನಡುವೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ದಿಂಬು ಇಟ್ಟುಕೊಳ್ಳಿ. ಹೊರಳುವಾಗ ಮೊಣಕಾಲು ಮಡಚಿ ದಿಂಬನ್ನು ಒತ್ತಿ ಹಿಡಿದು, ಉಸಿರು ಬಿಡುತ್ತ ಭುಜ–ಸೊಂಟ ಎರಡನ್ನೂ ಒಟ್ಟಿಗೆ ತಿರುಗಿಸಿ. ಸೊಂಟದ ಕೆಳಗೆ ಹಳೆಯ ನೈಲಾನ್ ಸೀರೆ ಹಾಸಿದರೆ ದೇಹ ಜಾರಿ ಸುಲಭವಾಗುತ್ತದೆ.

ಇಡೀ ದಿನ ಮಲಗಿರಬೇಡಿ. ಸ್ನಾಯುಗಳು ಇನ್ನೂ ಸೊರಗುತ್ತವೆ, ಕಾಲಿನ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಸ್ವಲ್ಪ ಓಡಾಟ, ನೋವು ಹೆಚ್ಚುವ ಮೊದಲೇ ಸ್ವಲ್ಪ ವಿಶ್ರಾಂತಿ, ಹೀಗೆ ದಿನ ಕಳೆಯಲಿ. ಕುರ್ಚಿಯಲ್ಲಿ ಕುಳಿತು ಮೂತ್ರ ತಡೆಯುವಂತೆ ಒಳಗಿನ ಸ್ನಾಯು ಬಿಗಿಹಿಡಿದು ಐದು ಎಣಿಸಿ ಬಿಡಿ. ಇದನ್ನು ದಿನಕ್ಕೆ ಮೂರು ಸಲ, ಹತ್ತತ್ತು ಬಾರಿ ಮಾಡಿ. ಉಳಿದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ನಿಮ್ಮನ್ನು ನೋಡಿಯೇ ಹೇಳಿಕೊಡಬೇಕು. ಸೊಂಟದ ಬೆಲ್ಟನ್ನೂ ಅವರ ಮುಂದೆಯೇ ಹಾಕಿ ನೋಡಿ. ಅದು ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಎಲುಬಿನ ಸುತ್ತ ಕೂರಬೇಕು. ನಡೆದಾಡುವಾಗ ಮಾತ್ರ ಸಾಕು.

ಎಲುಬು ಬಿಟ್ಟುಕೊಂಡಿದೆ ಎಂಬ ಮಾತಿಗೆ ಹೆದರಬೇಡಿ. ಮುಂದಿನ ಕೀಲಿನಲ್ಲಿ ಎಲ್ಲರಿಗೂ 4–5 ಮಿಲಿಮೀಟರ್ ಅಂತರವಿರುತ್ತದೆ, ಬಸಿರಿನಲ್ಲಿ ಇನ್ನೂ 2–3 ಮಿಲಿಮೀಟರ್ ಹೆಚ್ಚುತ್ತದೆ. 10 ದಾಟಿದರೆ ಮಾತ್ರ ಬಿಟ್ಟುಕೊಂಡಿದೆ ಅನ್ನುತ್ತಾರೆ, ಅದು ಅಪರೂಪ. ಈ ನೋವೊಂದಕ್ಕೇ ಸಿಸೇರಿಯನ್ ಬೇಕಿಲ್ಲ; ಬಹುಪಾಲು ಮಂದಿಗೆ ನಾರ್ಮಲ್ ಹೆರಿಗೆ ಆಗುತ್ತದೆ.

ಕ್ಯಾಲ್ಸಿಯಂ ಗುಳಿಗೆ ಬಿಡಬೇಡಿ, ಅದು ಬೇಕು. ಆದರೆ ಈ ನೋವಿಗೆ ಅದು ಮದ್ದಲ್ಲ. ತೊಡೆ, ಮೊಣಕಾಲಿನ ಕೆಳಗಿನ ಎಲುಬು, ಪಕ್ಕೆಲುಬು ಕೂಡ ನೋಯುತ್ತಿದ್ದರೆ ವಿಟಮಿನ್ ಡಿ ಪರೀಕ್ಷೆ ಮಾಡಿಸಲು ಕೇಳಿ. ನೋವಿಗೆ ಪ್ಯಾರಾಸಿಟಮಾಲ್ ಅನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಲೇಬೇಡಿ. 20 ವಾರ ದಾಟಿದ ಮೇಲೆ ಅವು ಮಗುವಿನ ಮೂತ್ರಪಿಂಡಕ್ಕೆ ಕೆಡುಕು ಮಾಡಬಹುದು, ಗರ್ಭದ ನೀರೂ ಕಡಿಮೆಯಾಗಬಹುದು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ‘ಸೊಂಟ ನೋವು’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನನಗೆ ಬರೆದಂತೆ ಮಗ್ಗಲು, ಪೆಟಿಕೋಟ್, ಸದ್ದು ಎಲ್ಲವನ್ನೂ ಹೇಳಿ, ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಬರೆದುಕೊಡಲು ಕೇಳಿ. ರಕ್ತ ಕಂಡರೆ, ನೋವು ಅಲೆಅಲೆಯಾಗಿ ಬಂದು ಹೋದರೆ, ಜ್ವರ ಅಥವಾ ಉರಿಮೂತ್ರ ಇದ್ದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ, ಒಂದು ಮೀನಖಂಡ ಊದಿ ನೋಯುತ್ತಿದ್ದರೆ 9ರವರೆಗೆ ಕಾಯದೆ ಆ ಕ್ಷಣವೇ ಹೋಗಿ.

ಹೆರಿಗೆಗೆ ಮೊದಲು ಮನೆಯಲ್ಲಿ ಮಲಗಿ, ನೋವಾಗದಂತೆ ಎರಡು ಮೊಣಕಾಲು ಎಷ್ಟು ಅಗಲವಾಗುತ್ತವೆ ಎಂದು ಟೇಪಿನಲ್ಲಿ ಅಳೆದು ತಾಯಿ ಕಾರ್ಡಿನ ಜೊತೆ ಬರೆದಿಡಿ. ಹೆರಿಗೆ ಕೋಣೆಯಲ್ಲಿ ನರ್ಸಮ್ಮನಿಗೆ ಅದನ್ನು ತೋರಿಸಿ, ಅದಕ್ಕಿಂತ ಹೆಚ್ಚು ಅಗಲಿಸಬೇಡಿ, ಎರಡೂ ಕಾಲನ್ನು ಒಟ್ಟಿಗೇ ಎತ್ತಿ ಎಂದು ಹೇಳಲು ಸಂಕೋಚ ಬೇಡ. ಎಡಮಗ್ಗುಲಾಗಿ ಮಲಗಿ ಹೆರಬಹುದೇ ಎಂದೂ ಕೇಳಿ.

ಈ ಸಲದ ಬಾಣಂತನಕ್ಕೆ ತವರಿಗೆ ಹೋಗುವುದಾದರೆ ಅಮ್ಮನಿಗೆ ಮೊದಲೇ ಹೇಳಿಡಿ: ಎರೆಯುವಾಗ ಮಣೆ ಬೇಡ, ಎತ್ತರದ ಸ್ಟೂಲ್ ಇರಲಿ. ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ವಾರ, ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ಮೂರು ತಿಂಗಳಾದರೂ ಇಳಿಯದಿದ್ದರೆ ಕೂಸನ್ನು ಎತ್ತಿಕೊಂಡೇ ಫಿಸಿಯೋಥೆರಪಿಗೆ ಬನ್ನಿ, ಆಗಲೂ ಚಿಕಿತ್ಸೆಯಿದೆ.